ಗದ್ದೆ ತೋಟದ ಅರಲಿಗೆ ಯಾವ ಟೈರ್? ನಮ್ಮ ಮಿನಿ ಟ್ರ್ಯಾಕ್ಟರಿನ ಒಂದು ಮಳೆಗಾಲ

ಮೊದಲು ಗಾಡಿಯ ವಿವರ. 18 ಎಚ್‌ಪಿ ಮಿನಿ ಟ್ರ್ಯಾಕ್ಟರ್, ಟೂ ವೀಲ್ ಡ್ರೈವ್, 2017ರಲ್ಲಿ ತಗೊಂಡಿದ್ದು. ಹಿಂದಿನ ಟೈರ್ 8.00-18, ಅಂದರೆ 8 ಇಂಚು ಅಗಲ, 18 ಇಂಚಿನ ರಿಮ್. ಮುಂದಿನದು 5.20-14, ಮೂರು ಗೀರಿನದು. ಹೊಟ್ಟೆ ನೆಲದಿಂದ ಸರಿಯಾಗಿ 10 ಇಂಚು ಮೇಲಿದೆ. ಈ ಹತ್ತು ಇಂಚಿನ ಲೆಕ್ಕ ಕೊನೆಯಲ್ಲಿ ಮತ್ತೆ ಬರುತ್ತದೆ.

ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ತೋಟ ಮೂರು ಎಕರೆ, ಅದರಲ್ಲಿ ಒಂದೂವರೆ ಎಕರೆ ಹಳೇ ಗದ್ದೆ. ಅಪ್ಪಯ್ಯ ಗದ್ದೆ ಬಿಟ್ಟು ಅಡಿಕೆ ಹಾಕಿದ್ದು, ಒಂಬತ್ತು ಅಡಿಗೊಂದು ಗಿಡ. ಎರಡು ಸಾಲಿಗೊಂದು ಬಸಿಗಾಲುವೆ ಇದೆ, ನಮ್ಮ ಕಡೆ ಕಪ್ಪು ಅಂತಾರೆ. ಕಪ್ಪಿಗೂ ಕಪ್ಪಿಗೂ ನಡುವೆ ಟ್ರ್ಯಾಕ್ಟರ್ ಹೋಗುತ್ತದೆ. ಬೇಸಿಗೆಯಲ್ಲಿ ಗೊಬ್ಬರ, ಬೆಟ್ಟದ ಸೊಪ್ಪು ಎಳೆಯಲು ಯಾವ ತೊಂದರೆಯೂ ಇಲ್ಲ. ಕಷ್ಟ ಬರುವುದು ಮಳೆಗಾಲದಲ್ಲಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಹಿಂದುಗಡೆ ಸಲಕರಣೆ ಹೊರುವ ತ್ರೀ ಪಾಯಿಂಟ್ ಲಿಂಕೇಜಿಗೆ ಕಬ್ಬಿಣದ ಸ್ಟ್ಯಾಂಡು ಸಿಕ್ಕಿಸಿ, ಅದರ ಮೇಲೆ 200 ಲೀಟರ್ ಡ್ರಮ್, ಪಿಟಿಒದಿಂದ (ಇಂಜಿನ್ನಿನ ಶಕ್ತಿ ಹೊರಗೆ ಕೊಡುವ ಶಾಫ್ಟು) ಓಡುವ ಪಂಪು ಇಟ್ಟುಕೊಂಡು ತೋಟದ ಒಳಗೆ ಹೋಗಬೇಕು. ಒಂದು ಡ್ರಮ್ಮಿಗೆ ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ. ದಿನಕ್ಕೆ ಎಂಟು ಡ್ರಮ್ ಹೋದರೆ ಎಂಟು ಸಲ ಒಳಗೆ, ಎಂಟು ಸಲ ಹೊರಗೆ.

1. ಜೂನ್ 8, 2025: ಸಿಕ್ಕಿಬಿದ್ದ ದಿನ

ಈ ಸಲ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ವಾಡಿಕೆ ಜೂನ್ 1. ಎರಡೇ ದಿನದಲ್ಲಿ ನಮ್ಮಲ್ಲೂ ಹಿಡಿಯಿತು. ಮಳೆಗೆ ಮುಂಚೆ ಮುಗಿಸಬೇಕಾದ ಮೊದಲ ಔಷಧಿ ಹಾಗೇ ಉಳಿಯಿತು. ಜೂನ್ 8ರಂದು ಹೊಳವಾಯಿತು, ಮಳೆ ಬಿಟ್ಟಿತು ಅಂತ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಕರೆಸಿ ಡ್ರಮ್ ತುಂಬಿಸಿ ಒಳಗೆ ಹೋದೆ. ಮೂರನೇ ಸಾಲಿನ ನಡುವೆ ಹಿಂದಿನ ಎರಡೂ ಚಕ್ರ ನಿಂತಲ್ಲೇ ಸುತ್ತತೊಡಗಿದವು.

ಇಳಿದು ನೋಡಿದೆ. ಟೈರಿನ ಹಲ್ಲುಗಳ ಮಧ್ಯೆ ಅರಲು, ಅಂದರೆ ಕೆಸರು, ತುಂಬಿಕೊಂಡಿತ್ತು. ಬರೀ ಅರಲಲ್ಲ, ಕೊಳೆತ ಅಡಿಕೆ ಸೋಗೆಯ ನಾರೂ ಸೇರಿ ಹದವಾಗಿ ಕಲಸಿದ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಬೆರಳು ಹಾಕಿ ಕಿತ್ತರೆ ಹಲ್ಲಿನ ಆಕಾರದ ಅಚ್ಚು ಇಡಿಯಾಗಿ ಕೈಗೆ ಬಂತು. ಟೈರು ಹೊರಗಿನಿಂದ ನುಣ್ಣಗಿನ ಉರುಳೆಯಂತೆ ಕಾಣುತ್ತಿತ್ತು. ಅದು ಹಿಡಿಯುವುದಾದರೂ ಯಾವುದನ್ನು?

ಮನೆಗೆ ಬಂದ ಮೇಲೆ ಹಲ್ಲು ಅಳೆದೆ. ಬಲಗಡೆ 9 ಮಿ.ಮೀ., ಎಡಗಡೆ 10. ಹೊಸದಿದ್ದಾಗ 24 ಇದ್ದದ್ದು. ಎಂಟು ವರ್ಷ ಬೇಸಿಗೆಯ ಕೆಲಸಕ್ಕೆ ಅದು ಸಾಕಾಗಿತ್ತು, ಹಾಗಾಗಿ ನಾನು ನೋಡಿಯೇ ಇರಲಿಲ್ಲ.

2. ಅದೇ ದಿನ ಮಾಡಿದ ತಪ್ಪು

ಇದನ್ನು ಬರೆಯಲೇಬೇಕು. ಟೈರಿನ ವಿಷಯಕ್ಕಿಂತ ಮುಖ್ಯವಾದದ್ದು.

ಸಿಕ್ಕಿಬಿದ್ದ ಟ್ರ್ಯಾಕ್ಟರನ್ನು ಹೊರಗೆ ತೆಗೆಯಲು ತಮ್ಮ ಒಂದು ಗಟ್ಟಿ ಮರದ ತುಂಡು ತಂದ. ಅದನ್ನು ಎರಡು ಹಿಂದಿನ ಚಕ್ರಕ್ಕೂ ಸೇರಿಸಿ ಮುಂದುಗಡೆ ಸರಪಳಿಯಲ್ಲಿ ಬಿಗಿದ. ಚಕ್ರ ಸುತ್ತಿದಾಗ ತುಂಡು ಅಡಿಗೆ ಬರುತ್ತದೆ, ಟ್ರ್ಯಾಕ್ಟರ್ ಅದರ ಮೇಲೆ ಹತ್ತಿಕೊಂಡು ಮುಂದೆ ಬರುತ್ತದೆ ಅಂತ ಲೆಕ್ಕ. ಊರಲ್ಲಿ ತುಂಬಾ ಜನ ಹೀಗೆ ಮಾಡುತ್ತಾರೆ. ನಾನು ಸೀಟಿನಲ್ಲಿ ಕೂತು ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟೆ.

ತುಂಡು ಅರಲಿನಲ್ಲಿ ಹೂತು ಕಚ್ಚಿಕೊಂಡಿತು. ಚಕ್ರ ಸುತ್ತಲಾಗಲಿಲ್ಲ. ಚಕ್ರ ಸುತ್ತದಿದ್ದರೆ ಇಂಜಿನ್ನು ಸುಮ್ಮನಿರುವುದಿಲ್ಲ, ಚಕ್ರದ ಬದಲು ಟ್ರ್ಯಾಕ್ಟರಿನ ಮೈಯೇ ಆಕ್ಸಲ್ ಸುತ್ತ ತಿರುಗುತ್ತದೆ. ಮೂತಿ ಒಂದೂವರೆ ಅಡಿ ಮೇಲೆದ್ದಿತು. ಕಾಲು ಕ್ಲಚ್ ಮೇಲೇ ಇತ್ತು, ಒತ್ತಿದೆ, ಕೆಳಗೆ ಬಿತ್ತು. ಹಿಂದೆ 200 ಲೀಟರ್ ಡ್ರಮ್ ತುಂಬಿಯೇ ಇತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ನಾನು ಅದರ ಅಡಿಗೆ ಹೋಗುತ್ತಿದ್ದೆ. ಅಂದು ರಾತ್ರಿ ಊಟ ಸೇರಲಿಲ್ಲ.

ಚಕ್ರಕ್ಕೆ ತುಂಡು ಕಟ್ಟಿ ಎಬ್ಬಿಸುವ ಕೆಲಸ ನಮ್ಮ ಮನೆಯಲ್ಲಿ ಇನ್ನಿಲ್ಲ. ಡ್ರಮ್ ಖಾಲಿ ಮಾಡಿ, ಚಕ್ರದ ಹಿಂದಿನ ಮಣ್ಣನ್ನು ಗುದ್ದಲಿಯಲ್ಲಿ ಇಳಿಜಾರು ಮಾಡಿ, ಬಂದ ದಾರಿಯಲ್ಲೇ ರಿವರ್ಸಿನಲ್ಲಿ ಹೊರಗೆ ತಂದೆವು. ನಲವತ್ತು ನಿಮಿಷ ಹಿಡಿಯಿತು. ಆ ದಿನದ ಔಷಧಿಯನ್ನು ತೋಟದ ಅಂಚಿನಲ್ಲಿ ಡ್ರಮ್ ಇಟ್ಟು ಉದ್ದ ಪೈಪು ಎಳೆದು ಹೊಡೆಸಿದೆ.

3. ಜೂನ್ 11: ಸರಪಳಿ

ಟೈರಿಗೆ ದುಡ್ಡು ಹಾಕುವ ಮೊದಲು ಅಗ್ಗದ ದಾರಿ ಹುಡುಕಿದೆ. 1,400 ರೂಪಾಯಿ ಕೊಟ್ಟು ಸರಪಳಿ ತಂದು ಎರಡೂ ಚಕ್ರಕ್ಕೆ ಏಣಿಯ ಹಾಗೆ ಅಡ್ಡಡ್ಡ ಕಟ್ಟಿದೆ. ಮೊದಲ ಇಪ್ಪತ್ತು ಅಡಿ ಚೆನ್ನಾಗಿ ಹೋಯಿತು. ಆಮೇಲೆ ಎಡಗಡೆಯ ಒಂದು ಕೊಂಡಿ ಬಿಚ್ಚಿ, ಸರಪಳಿ ಮಡ್‌ಗಾರ್ಡಿಗೆ ಬಡಿದು ತಗಡು ಒಳಗೆ ಹೋಯಿತು. ಬೆಸುಗೆ ಹಾಕಿಸಿ ಸರಿ ಮಾಡಿಸಲು 600. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಇಂಚು ಜಾಗ ಇಲ್ಲದ ಮಿನಿ ಟ್ರ್ಯಾಕ್ಟರಿಗೆ ಇದು ಹೊಂದುವುದಿಲ್ಲ. ಸರಪಳಿ ಈಗ ಕೊಟ್ಟಿಗೆಯಲ್ಲಿ ನೇತಾಡುತ್ತಿದೆ.

4. ಜೂನ್ 14: ಅಳತೆ

ಏನು ಬದಲಿಸಿದರೆ ಎಷ್ಟು ಲಾಭ ಅಂತ ಕಣ್ಣಂದಾಜಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೆ ಒಂದು ಸುಲಭದ ಅಳತೆ ಇಟ್ಟುಕೊಂಡೆ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಮೊದಲು ಅಂಗಳದ ಗಟ್ಟಿ ನೆಲದಲ್ಲಿ ಖಾಲಿ ಟ್ರ್ಯಾಕ್ಟರನ್ನು ಚಕ್ರ ಹತ್ತು ಸುತ್ತು ಸುತ್ತುವಷ್ಟು ಓಡಿಸಿ ಟೇಪು ಹಿಡಿದೆ. ಆಮೇಲೆ ಮೂರನೇ ಸಾಲಿನ ಅರಲಿನಲ್ಲಿ ತುಂಬಿದ ಡ್ರಮ್ ಹೊತ್ತು ಅದೇ ಹತ್ತು ಸುತ್ತು. ದೂರ ಎಷ್ಟು ಕಮ್ಮಿಯಾಯಿತೋ ಅಷ್ಟು ಜಾರಿದೆ ಅಂತ ಅರ್ಥ.

ಹಳೇ ಟೈರು: ಅಂಗಳದಲ್ಲಿ 23.9 ಮೀಟರ್, ಅರಲಿನಲ್ಲಿ 13.8. ಅಂದರೆ ಶೇ. 42 ಜಾರುವಿಕೆ. ಸುಟ್ಟ ಡೀಸೆಲಿನ ಹತ್ತಿರ ಹತ್ತಿರ ಅರ್ಧ ಮಣ್ಣು ಕಲಸಲಿಕ್ಕೇ ಹೋಗುತ್ತಿತ್ತು.

ಅದೇ ದಿನ ಕಬ್ಬಿಣದ ಸರಳು ಹಿಡಿದು ಸಾಲು ಸಾಲಿಗೆ ಚುಚ್ಚಿ ನೋಡಿದೆ. ಹಳೇ ಗದ್ದೆಯ ತಳದಲ್ಲಿ ವರ್ಷಗಟ್ಟಲೆ ಕೆಸರು ಹೂಟಿ ಮಾಡಿ ಗಟ್ಟಿಯಾದ ಒಂದು ಪದರ ಇರುತ್ತದೆ, ಭತ್ತಕ್ಕೆ ನೀರು ನಿಲ್ಲಿಸುವುದು ಅದೇ. ನಮ್ಮದರಲ್ಲಿ ಮೇಲಿನ ಸಾಲುಗಳಲ್ಲಿ ಸರಳು 7ರಿಂದ 9 ಇಂಚಿಗೆ ಟಕ್ ಅಂತ ನಿಂತಿತು. ಕೆಳಗಿನ ಮೂಲೆಯಲ್ಲಿ, ಹಳ್ಳದ ಪಕ್ಕ, 16 ಇಂಚು ಹೋದರೂ ಮೆತ್ತಗೇ ಇತ್ತು. ಈ ಅಂಕಿಯನ್ನು ಬರೆದಿಟ್ಟುಕೊಂಡೆ, ಆದರೆ ಅದರ ಅರ್ಥ ಅವತ್ತು ಹೊಳೆಯಲಿಲ್ಲ.

5. ಯಾವ ಟೈರು, ಯಾಕೆ

ಒಂದು ವಾರ ಕೇಳಿದ್ದು, ನೋಡಿದ್ದು ಇಷ್ಟು.

ಕೆಸರು ಗದ್ದೆಯ ಎತ್ತರ ಹಲ್ಲಿನ ಟೈರು. ಆರ್-2 ಅಂತ ಗುರುತು, ಭತ್ತ ಮತ್ತು ಕಬ್ಬಿನ ಗದ್ದೆಗೆ ಮಾಡಿದ್ದು. ಹಲ್ಲಿನ ಆಳ ಮಾಮೂಲಿ ಆರ್-1ರ ಹತ್ತಿರ ಹತ್ತಿರ ಎರಡರಷ್ಟು. ಅರಲಿನಲ್ಲಿ ಇದಕ್ಕೆ ಸಾಟಿ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಎಲ್ಲರೂ ನನಗೆ ಹೇಳಿದ್ದೂ ಇದನ್ನೇ. ನಾನು ಬೇಡ ಅಂದಿದ್ದಕ್ಕೆ ಎರಡು ಕಾರಣ. ಮನೆಯಿಂದ ತೋಟಕ್ಕೆ ಒಂದು ಕಿಲೋಮೀಟರಿಗೂ ಮೀರಿ ಡಾಂಬರು ದಾರಿ, ಆ ಎತ್ತರ ಹಲ್ಲು ಗಟ್ಟಿ ರಸ್ತೆಯಲ್ಲಿ ಗಡಗಡ ಅದುರುತ್ತದೆ, ಬೇಗ ಸವೆಯುತ್ತದೆ. ಇನ್ನೊಂದು, ಅದಕ್ಕಿಂತ ದೊಡ್ಡದು: ಗದ್ದೆಯಲ್ಲಿ ಟೈರು ಮಣ್ಣನ್ನು ಎಷ್ಟು ಆಳ ಕಡಿದರೂ ನಡೆಯುತ್ತದೆ, ಅಡಿಕೆ ತೋಟದಲ್ಲಿ ಕಡಿಯುವ ಜಾಗದಲ್ಲಿ ಬೇರು ಇದೆ. ಅಡಿಕೆಗೆ ತಾಯಿ ಬೇರಿಲ್ಲ. ತಿನ್ನುವ ಬೇರೆಲ್ಲ ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಕೊಳೆ ತಡೆಯಲು ಔಷಧಿ ಹೊಡೆಯಲಿಕ್ಕೆ ಹೋಗಿ ಬೇರು ಹರಿದು ಬರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕಬ್ಬಿಣದ ಕೇಜ್ ವೀಲ್ (ಕೆಸರಿಗೆ ಹಾಕುವ ಪಂಜರದಂಥ ಚಕ್ರ) ಕೂಡ ಇದೇ ಕಾರಣಕ್ಕೆ ಬೇಡ. ಜೊತೆಗೆ ಅದು ಅಗಲವಾಗುತ್ತದೆ, ಕಪ್ಪಿನ ಅಂಚು ಕುಸಿಯುತ್ತದೆ.

ಅಗಲದ ಟೈರು, 8.3-20. ಇದಕ್ಕೆ ರಿಮ್ಮೇ ಬದಲಾಗಬೇಕು, ಮಡ್‌ಗಾರ್ಡ್ ಎತ್ತಿಸಬೇಕು. ಖರ್ಚು ಎರಡು ಪಟ್ಟು.

ಸೆಕೆಂಡ್ ಹ್ಯಾಂಡ್. ಒಂದು ಜೊತೆ 6,000ಕ್ಕೆ ಸಿಗುತ್ತಿತ್ತು. ಹಲ್ಲು ಇನ್ನೂ 18 ಮಿ.ಮೀ. ಇತ್ತು, ಆಸೆಯಾಯಿತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲ ಎರಡು ವಾರ, ಮುಂದಿನ ಎರಡು ವರ್ಷ. ಅದರಲ್ಲಿ 1116 ಅಂತಿತ್ತು, 2016ರ ಹನ್ನೊಂದನೇ ವಾರ. ಬಿಸಿಲಿಗೆ ಬಿಟ್ಟ ಒಂಬತ್ತು ವರ್ಷದ ರಬ್ಬರು. ಹೆಬ್ಬೆರಳಲ್ಲಿ ಪಕ್ಕದ ಗೋಡೆ ಮಡಿಸಿದಾಗ ಕೂದಲೆಳೆಯ ಬಿರುಕುಗಳು ಬಾಯಿ ಬಿಟ್ಟವು. ಗಾಳಿ ಕಮ್ಮಿ ಮಾಡಿ ಓಡಿಸುವವನಿಗೆ ಗೋಡೆ ಗಟ್ಟಿ ಇರಬೇಕು. ಬಿಟ್ಟೆ.

ಉಳಿದದ್ದು ಮಾಮೂಲಿ ಆರ್-1, ಹೊಸದು, ಅದೇ ಅಳತೆ. ಅದರಲ್ಲೂ ಹಲ್ಲು ಒತ್ತೊತ್ತಾಗಿ ಇರುವುದು ಬೇಡ, ಎರಡು ಹಲ್ಲಿನ ನಡುವೆ ನನ್ನ ಮೂರು ಬೆರಳು ಆರಾಮಾಗಿ ಹೋಗಬೇಕು ಅಂತ ತೀರ್ಮಾನಿಸಿದೆ. ಒತ್ತಾಗಿದ್ದರೆ ರಸ್ತೆಯಲ್ಲಿ ಬಾಳಿಕೆ ಹೆಚ್ಚು, ಆದರೆ ನಮ್ಮ ಜೇಡಿ ಅರಲು ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಉದುರುವುದಿಲ್ಲ. ಜೂನ್ 8ರಂದು ಕೈಗೆ ಬಂದ ಆ ಅಚ್ಚು ಕಣ್ಣ ಮುಂದೇ ಇತ್ತು. ಟೈರು ಎಷ್ಟು ಆಳ ಕಚ್ಚುತ್ತದೆ ಅನ್ನುವುದಕ್ಕಿಂತ ಕಚ್ಚಿದ್ದನ್ನು ಅರ್ಧ ಸುತ್ತಿನಲ್ಲಿ ಉಗುಳುತ್ತದೋ ಇಲ್ಲವೋ ಅನ್ನುವುದೇ ನನಗೆ ಮುಖ್ಯವಾಯಿತು.

6. ಜೂನ್ 21: ಶಿವಮೊಗ್ಗ

ನಾಲ್ಕು ಅಂಗಡಿ ಸುತ್ತಿದೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಬಿಕೆಟಿ ಎಲ್ಲದರ ಟ್ರ್ಯಾಕ್ಟರ್ ಟೈರನ್ನೂ ಮುಟ್ಟಿ ನೋಡಿದೆ. ಯಾವ ಕಂಪನಿ ಅನ್ನುವುದಕ್ಕಿಂತ ಹಲ್ಲಿನ ಸಂದಿ ಎಷ್ಟು ಅನ್ನುವುದನ್ನೇ ನೋಡಿದ್ದು, ಹಾಗಾಗಿ ಕಂಪನಿಯ ಹೆಸರಲ್ಲಿ ಸಲಹೆ ಕೊಡುವುದಿಲ್ಲ.

ಅಂಗಡಿಯವರು 8 ಪಿಆರ್ ತಗೊಳ್ಳಿ, ಗಟ್ಟಿ ಅಂದರು. ಪಿಆರ್ ಅಂದರೆ ಪ್ಲೈ ರೇಟಿಂಗ್, ಟೈರು ಎಷ್ಟು ಗಟ್ಟಿ ಅನ್ನುವ ಅಂಕಿ. ನಾನು 6 ಪಿಆರ್ ಕೇಳಿದೆ. ನನ್ನದು ಹಗುರ ಗಾಡಿ, ಭಾರದ ಟ್ರೇಲರ್ ಇಲ್ಲ. ಟೈರಿನ ಗೋಡೆ ಸ್ವಲ್ಪ ಮೆತ್ತಗಿದ್ದರೆ ಅರಲಿನಲ್ಲಿ ಬಾಗುತ್ತದೆ, ಬಾಗಿದಾಗ ಸಂದಿಯ ಮಣ್ಣು ಸಡಿಲವಾಗುತ್ತದೆ. ಈ ಒಂದು ವಿಷಯದಲ್ಲಿ ನಾನು ಅಂಗಡಿಯವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು.

ಟೈರ್ ಒಂದಕ್ಕೆ 7,600ರಂತೆ 15,200. ಟ್ಯೂಬ್ 950ರಂತೆ 1,900. ತಾರೀಖು 0925, 2025ರ ಒಂಬತ್ತನೇ ವಾರದ್ದು. ಪಿಕಪ್ಪಿನಲ್ಲಿ ಹೋಗಿಬರುವ ಡೀಸೆಲ್ 1,200. ಇದು ಶೇ. 18 ಜಿಎಸ್‌ಟಿ ಇದ್ದಾಗಿನ ದರ. ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಶೇ. 5 ಆಗಿದೆ. ಲೆಕ್ಕ ಹಾಕಿದರೆ ಟೈರೆರಡಕ್ಕೇ ಸುಮಾರು 1,670 ಉಳಿಯುತ್ತಿತ್ತು. ಕೊಳೆ ರೋಗ ಸೆಪ್ಟೆಂಬರ್ ತನಕ ಕಾಯುವುದಿಲ್ಲವಲ್ಲ.

7. ಜೂನ್ 22: ಹಾಕಿಸಿದ್ದು, ಉಲ್ಟಾ

ಎರಡೂ ಚಕ್ರ ಬಿಚ್ಚಿಕೊಂಡು ಒಂದು ಪಂಕ್ಚರ್ ಅಂಗಡಿಗೆ ಒಯ್ದೆ. ಹಳೇ ಟೈರು ತೆಗೆದಾಗ ರಿಮ್ಮಿನ ಒಳಗೆ ತುಕ್ಕು ಹಕ್ಕಳೆಯಾಗಿತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪೇಂಟ್ ಹೊಡೆದು, ಒಣಗುವ ತನಕ ಕಾದು, ಸೋಪಿನ ನೀರು ಹಚ್ಚಿ ಹೊಸದನ್ನು ಕೂರಿಸಿದರು. ಎರಡಕ್ಕೆ 500.

ಜೂನ್ 24ರಂದು ಅರಲಿಗೆ ಇಳಿಸಿದೆ. ಎಡ ಚಕ್ರ ಚೆನ್ನಾಗಿ ಹಿಡಿಯಿತು, ಬಲ ಚಕ್ರ ಹುಚ್ಚು ಹಿಡಿದಂತೆ ಸುತ್ತಿತು. ಅಂಗಳದಲ್ಲಿ 24.9 ಮೀಟರ್ ಬಂದದ್ದು ಬಲ ಚಕ್ರದ ಲೆಕ್ಕದಲ್ಲಿ 15.6ಕ್ಕೆ ಇಳಿಯಿತು, ಶೇ. 37. ಹದಿನೇಳು ಸಾವಿರ ಸುರಿದು ಬಂದ ಲಾಭ ಇಷ್ಟೇನಾ ಅಂತ ಹೊಟ್ಟೆ ಉರಿಯಿತು.

ಟೈರನ್ನು ಬೈದೆ, ಮಣ್ಣನ್ನು ಬೈದೆ, ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಹೋಯಿತೇನೋ ಅಂತ ಹೆದರಿದೆ. ಕಾರಣ ಕಂಡುಹಿಡಿದದ್ದು ಅಪ್ಪಯ್ಯ. ಅವರಿಗೆ ಎಪ್ಪತ್ತೆರಡು, ಟ್ರ್ಯಾಕ್ಟರ್ ಓಡಿಸಿದವರಲ್ಲ. ಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತು ನೆಲ ನೋಡುತ್ತಿದ್ದರು.

"ತಮಾ, ಈ ಎರಡು ಹೆಜ್ಜೆ ಒಂದೇ ಥರ ಇಲ್ಲವಲ್ಲೋ. ಒಂದರ ಬಾಣ ಆ ಕಡೆ, ಇನ್ನೊಂದರದ್ದು ಈ ಕಡೆ."

ನೋಡಿದರೆ ಹೌದು. ಎಡ ಚಕ್ರದ ಅಚ್ಚಿನಲ್ಲಿ ಹಲ್ಲಿನ ಮೂತಿ ಹಿಂದಕ್ಕೆ, ಬಲದ್ದು ಮುಂದಕ್ಕೆ. ಬಲಗಡೆ ಟೈರನ್ನು ತಿರುಗಾಮುರುಗಾ ಹಾಕಿದ್ದರು. ಆದದ್ದು ಇಷ್ಟೇ: ಅಂಗಡಿಯ ಹುಡುಗರು ಎರಡೂ ರಿಮ್ಮನ್ನು ನೆಲದ ಮೇಲೆ ಒಂದೇ ರೀತಿ ಮಲಗಿಸಿ, ಎರಡೂ ಟೈರನ್ನು ಒಂದೇ ರೀತಿ ಕೂರಿಸಿದರು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗುವುದರಿಂದ ಒಂದು ಉಲ್ಟಾ ಆಗಲೇಬೇಕು. ಟೈರಿನ ಪಕ್ಕದಲ್ಲಿ ಬಾಣದ ಗುರುತು ಇತ್ತು. ಅವರು ನೋಡಲಿಲ್ಲ, ಪಕ್ಕದಲ್ಲೇ ನಿಂತಿದ್ದ ನಾನೂ ನೋಡಲಿಲ್ಲ. ತಪ್ಪು ನನ್ನದೂ ಹೌದು.

ಗುರುತಿಟ್ಟುಕೊಳ್ಳಲು ಸುಲಭದ ರೀತಿ: ಟ್ರ್ಯಾಕ್ಟರಿನ ಹಿಂದೆ ನಿಂತು ಟೈರು ನೋಡಿ. ಹಲ್ಲುಗಳು ಮನೆಯ ಮಾಡಿನ ಹಾಗೆ ಕಾಣಬೇಕು, ತುದಿ ಮೇಲೆ, ಎರಡು ಕಾಲು ಕೆಳಗೆ. ಹಾಗಿದ್ದರೆ ಹಲ್ಲಿನ ನಡುವಿನ ತುದಿ ಮೊದಲು ನೆಲಕ್ಕೆ ತಾಗುತ್ತದೆ, ಅರಲು ಎರಡು ಪಕ್ಕಕ್ಕೆ ಹೊರಗೆ ಹೋಗುತ್ತದೆ. ಉಲ್ಟಾ ಇದ್ದರೆ ಪಕ್ಕದ ಅರಲೆಲ್ಲ ಗುಡಿಸಿದ ಹಾಗೆ ಮಧ್ಯಕ್ಕೆ ಬಂದು ತುಂಬಿಕೊಳ್ಳುತ್ತದೆ. ಅಂದು ಬಲ ಟೈರಿನ ಮಧ್ಯದಲ್ಲಿ ಅಂಗೈ ದಪ್ಪದ ಅರಲಿನ ಪಟ್ಟಿ, ಎಡ ಟೈರಿನ ಮಧ್ಯದಲ್ಲಿ ಕಪ್ಪು ರಬ್ಬರು ಹೊಳೆಯುತ್ತಿತ್ತು. ಒಂದೇ ಟೈರು, ಒಂದೇ ಮಣ್ಣು, ಒಂದೇ ದಿನ. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ಬೇಕೆಂದು ಮಾಡಿದರೂ ಆಗುತ್ತಿರಲಿಲ್ಲ.

ಬಿಚ್ಚಿಸಿ ತಿರುಗಿಸಿ ಹಾಕಿಸಲು ಇನ್ನೊಂದು 250. ಆಮೇಲೆ ಅಳೆದರೆ 19.1 ಮೀಟರ್, ಜಾರುವಿಕೆ ಶೇ. 23.

8. ಜೂನ್ 28ರಿಂದ ಜುಲೈ 3: ಗಾಳಿ

ಅಂಗಡಿಯಲ್ಲಿ 28 ಪಾಯಿಂಟ್ (ಪಿಎಸ್‌ಐ) ಗಾಳಿ ತುಂಬಿಸಿ ಕಳಿಸಿದ್ದರು. ಅಂಗಳಕ್ಕೆ ಸುಣ್ಣದ ಪುಡಿ ಚೆಲ್ಲಿ ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದೆ. ನೆಲಕ್ಕೆ ತಾಗುತ್ತಿದ್ದದ್ದು ಮೂರೇ ಹಲ್ಲು, ಅದೂ ಮಧ್ಯದ ಭಾಗ ಮಾತ್ರ. 14ಕ್ಕೆ ಇಳಿಸಿದಾಗ ಐದು ಹಲ್ಲು, ಅಂಚಿನ ತನಕ. ಮೂರನೇ ಸಾಲಿನಲ್ಲಿ 20.4 ಮೀಟರ್ ಬಂತು, ಶೇ. 18. ಒಂದು ಪೈಸೆ ಖರ್ಚಿಲ್ಲದೆ ಐದು ಶೇಕಡಾ ಉಳಿಯಿತು. ಹಳೇ ಟೈರಿನಲ್ಲೇ ಇದನ್ನು ಮೊದಲು ಮಾಡಿ ನೋಡಬೇಕಿತ್ತು, ಮಾಡಲಿಲ್ಲ. ಅದು ಈಗಲೂ ಕೊರೆಯುತ್ತದೆ.

ಇನ್ನೊಂದು ಮಾತು. ಕಾರಿಗೆ ಹಿಡಿಯುವ ಕಡ್ಡಿ ಗೇಜು ಇಷ್ಟು ಕಮ್ಮಿ ಗಾಳಿಗೆ ನಂಬಿಕೆಗೆ ಬರುವುದಿಲ್ಲ. ಒಂದೇ ಟೈರಿಗೆ ಮೂರು ಸಲ ಹಿಡಿದರೆ 10, 14, 17 ತೋರಿಸಿತು. 0ರಿಂದ 30ರ ತನಕ ಮಾತ್ರ ಇರುವ ಮುಳ್ಳಿನ ಗೇಜು 650 ಕೊಟ್ಟು ತಂದೆ.

14ಕ್ಕೆ ಇಷ್ಟು ಲಾಭವಾದರೆ 8ಕ್ಕೆ ಇನ್ನೆಷ್ಟು ಅಂತ ಆಸೆಯಾಯಿತು. ಜುಲೈ 3ರಂದು 8ಕ್ಕೆ ಇಳಿಸಿದೆ. ಮೊದಲ ಎರಡು ಸಾಲು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಯಿತು. ಮೂರನೇ ಸಾಲಿನ ತಿರುವಿನಲ್ಲಿ ಬಲಗಡೆಯಿಂದ ಪುಸ್ ಅಂತ ಸದ್ದು, ಟೈರು ಕೂತೇಬಿಟ್ಟಿತು. ಮುಳ್ಳು ಚುಚ್ಚಿದ್ದಲ್ಲ. ಗಾಳಿ ಕಮ್ಮಿಯಾದಾಗ ಟೈರು ರಿಮ್ಮನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ರಿಮ್ಮು ಸುತ್ತುತ್ತದೆ, ಟೈರು ಸ್ವಲ್ಪ ಹಿಂದೆ ಉಳಿಯುತ್ತದೆ. ಒಳಗಿನ ಟ್ಯೂಬು ಟೈರಿನ ಜೊತೆ ಹೋಗುತ್ತದೆ, ಅದರ ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬಿಚ್ಚಿ ನೋಡಿದಾಗ ವಾಲ್ವ್ ಬುಡದಿಂದ ಕಿತ್ತು ಬಂದಿತ್ತು, ಅದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲ. ಹೊಸ ಟ್ಯೂಬು ಮತ್ತು ಕೂಲಿ ಸೇರಿ 1,200. ಟೈರು ಕೂತ ಟ್ರ್ಯಾಕ್ಟರಿಗೆ ಅರಲಿನಲ್ಲಿ ಜಾಕ್ ಕೊಡಲು ಅಡಿಗೆ ಹಲಗೆ ಹಾಸಿ, ಮಳೆಯಲ್ಲಿ ನೆನೆದು, ಮೂರು ಗಂಟೆ.

ಈಗ ಟೈರಿನಿಂದ ರಿಮ್ಮಿನ ಮೇಲಕ್ಕೆ ಸೇರುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಟೈರು ಒಂದು ಬೆರಳು ಸರಿದರೂ ಗೆರೆ ಮುರಿದದ್ದು ಕಾಣುತ್ತದೆ. 14ರಲ್ಲಿ ಇವತ್ತಿನ ತನಕ ಸರಿದಿಲ್ಲ. 12ರಲ್ಲಿ ಒಂದು ದಿನಕ್ಕೆ ಅರ್ಧ ಇಂಚು ಸರಿಯಿತು. ಹಾಗಾಗಿ ನನ್ನ ಗಾಡಿಗೆ, ಟ್ಯೂಬಿನ ಟೈರಿಗೆ, 14ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಡಾಂಬರಿನಲ್ಲಿ ದೂರ ಹೋಗುವ ದಿನ 20ಕ್ಕೆ ತುಂಬಿಸುತ್ತೇನೆ.

9. ಜುಲೈ 10: ಟ್ಯೂಬಿಗೆ ನೀರು

ದೊಡ್ಡ ಟ್ರ್ಯಾಕ್ಟರಿನವರು ಹಿಂದಿನ ಟೈರಿಗೆ ನೀರು ತುಂಬಿಸುವುದು ಎಲ್ಲರಿಗೂ ಗೊತ್ತು. ಹಗುರ ಗಾಡಿಗೆ ಎಷ್ಟು ಪ್ರಯೋಜನ ಅಂತ ನೋಡಲು ಮಾಡಿದೆ. ಜಾಕ್ ಕೊಟ್ಟು ಚಕ್ರ ಎತ್ತಿ, ವಾಲ್ವ್ ಮೇಲೆ ಬರುವ ಹಾಗೆ ನಿಲ್ಲಿಸಿ, ಪಿನ್ನು ತೆಗೆದು, 180 ರೂಪಾಯಿಯ ಅಡಾಪ್ಟರ್ ಹಾಕಿ, ಮಾಳಿಗೆ ಮೇಲಿನ ಟ್ಯಾಂಕಿನಿಂದ ಪೈಪು ಬಿಟ್ಟೆ. ಆಗಾಗ ಪೈಪು ತೆಗೆದು ಒಳಗಿನ ಗಾಳಿ ಬಿಡಬೇಕು, ಇಲ್ಲದಿದ್ದರೆ ನೀರು ಹೋಗುವುದಿಲ್ಲ. ವಾಲ್ವಿನಿಂದ ನೀರು ಹೊರಗೆ ಬರತೊಡಗಿದಾಗ ಮುಕ್ಕಾಲು ತುಂಬಿತು ಅಂತ ಲೆಕ್ಕ. ಒಂದು ಚಕ್ರಕ್ಕೆ ಸುಮಾರು 40 ಲೀಟರ್ ಹಿಡಿಯಿತು. ಎರಡು ಸೇರಿ 80 ಕೆಜಿ. ಮೇಲೆ ಗಾಳಿ 14.

ಅಳತೆ 21 ಮೀಟರ್, ಶೇ. 16. ಲಾಭ ಇದೆ, ಆದರೆ ದಿಕ್ಕು ಸರಿ ಮಾಡಿದಾಗ, ಗಾಳಿ ಇಳಿಸಿದಾಗ ಬಂದಷ್ಟಿಲ್ಲ. ಟೈರು ಸ್ವಲ್ಪ ಬಿರುಸಾಯಿತು, ರಸ್ತೆಯ ಗುಂಡಿಗಳು ಸೊಂಟಕ್ಕೆ ಗೊತ್ತಾಗುತ್ತವೆ. ಭಾರ ಹೆಚ್ಚಿಸಿದಷ್ಟೂ ತೋಟದ ಮಣ್ಣು ಗಡುಸಾಗುತ್ತದೆ ಅನ್ನುವ ಚಿಂತೆಯೂ ಇದೆ. ಮಳೆಗಾಲ ಮುಗಿದ ಮೇಲೆ ನೀರು ತೆಗೆದೆ. ಮುಂದಿನ ವರ್ಷ ತುಂಬಿಸಲಿಕ್ಕಿಲ್ಲ.

10. ಜುಲೈ 22, 23: ಎರಡನೇ ಔಷಧಿ

ಮಳೆ ಬಿಟ್ಟೂ ಬಿಟ್ಟೂ ಬರುತ್ತಿತ್ತು. ಎರಡು ದಿನದಲ್ಲಿ ಹದಿನಾಲ್ಕು ಡ್ರಮ್ ಹೊಡೆಸಿದೆವು. ಮೇಲಿನ ಎಲ್ಲ ಸಾಲಿನಲ್ಲೂ ಒಂದು ಸಲವೂ ನಿಲ್ಲಲಿಲ್ಲ. ಹಲ್ಲಿನ ಸಂದಿಯ ಅರಲು ಚಕ್ರ ಮೇಲೆ ಬರುತ್ತಿದ್ದಂತೆ ತಪತಪ ಅಂತ ಮಡ್‌ಗಾರ್ಡಿನ ಅಡಿಗೆ ಬೀಳುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿ ಆದ ಸಮಾಧಾನ ನನಗೇ ಗೊತ್ತು.

ಮುಂದಿನ ಟೈರಿನ ತೊಂದರೆ ಗೊತ್ತಾದದ್ದು ಆಗ. ಹಿಂದಿನದು ತಳ್ಳುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರ ಹೋಗುತ್ತದೆ. ಗೀರು ಸವೆದು ನುಣ್ಣಗಾಗಿತ್ತು. ಬ್ರೇಕ್ ಪೆಡಲ್ ಎರಡರ ಕೊಂಡಿ ಬಿಚ್ಚಿ, ತಿರುಗಬೇಕಾದ ಕಡೆಯ ಬ್ರೇಕ್ ಮಾತ್ರ ಒತ್ತಿ ಹೇಗೋ ನಿಭಾಯಿಸಿದೆ. ಮರಳಿನ ಎರಡು ಮೂಟೆಯನ್ನು ಮುಂದಿನ ಬಂಪರಿಗೆ ಕಟ್ಟಿದ್ದೂ ಸಹಾಯವಾಯಿತು. ರಸ್ತೆಗೆ ಬರುವ ಮೊದಲು ಪೆಡಲಿನ ಕೊಂಡಿ ಮರೆಯದೆ ಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಅಕ್ಟೋಬರಿನಲ್ಲಿ ಮುಂದಿನದಕ್ಕೂ ಹೊಸ ಮೂರು ಗೀರಿನ ಟೈರು ಹಾಕಿಸಿದೆ: ಟೈರ್ 5,400, ಟ್ಯೂಬ್ 960, ಕೂಲಿ 300. ಈ ಸಲ ಹಾಕುವಾಗ ಅಂಗಡಿಯಲ್ಲಿ ಕೂತೇ ನೋಡಿದೆ.

11. ಒಟ್ಟು ಖರ್ಚು

ಎಲ್ಲ ಸೇರಿ 29,740. ಅದರಲ್ಲಿ ನನ್ನ ತಪ್ಪಿನಿಂದ ಹೋದದ್ದು 3,450: ಸರಪಳಿ 1,400, ಮಡ್‌ಗಾರ್ಡ್ 600, ಉಲ್ಟಾ ಟೈರು 250, ಕಿತ್ತ ಟ್ಯೂಬು 1,200.

12. ಇನ್ನೂ ಆಗದ್ದು

ಕೆಳಗಿನ ಮೂಲೆ. ಜುಲೈ 23ರ ಸಂಜೆ ಅಲ್ಲಿಗೆ ಹೋದೆ, ಸಿಕ್ಕಿಬಿದ್ದೆ. ಈ ಸಲ ಚಕ್ರ ಹುಚ್ಚುಚ್ಚಾಗಿ ಸುತ್ತಲಿಲ್ಲ. ನಿಧಾನಕ್ಕೆ ಇಳಿದು, ಟ್ರ್ಯಾಕ್ಟರಿನ ಹೊಟ್ಟೆ ಅರಲಿನ ಮೇಲೆ ಕೂತುಬಿಟ್ಟಿತು. ಜೂನ್ 14ರ ಚೀಟಿ ನೆನಪಾಯಿತು. ಅಲ್ಲಿ ಗಟ್ಟಿ ನೆಲ ಸಿಗಬೇಕಾದರೆ 16 ಇಂಚಿಗಿಂತ ಕೆಳಗೆ ಹೋಗಬೇಕು, ನನ್ನ ಗಾಡಿಯ ಹೊಟ್ಟೆ ಇರುವುದು 10 ಇಂಚಿಗೆ. ಮೇಲಿನ ಸಾಲುಗಳಲ್ಲಿ ಚಕ್ರ 9 ಇಂಚು ಇಳಿದರೂ ಹಳೇ ಗದ್ದೆಯ ತಳ ಸಿಗುತ್ತದೆ, ಹಲ್ಲು ಅದನ್ನು ಹಿಡಿದುಕೊಂಡು ಹೋಗುತ್ತದೆ. ಇಲ್ಲಿ ಅದು ಸಿಗುವ ಮೊದಲೇ ಹೊಟ್ಟೆ ಕೂರುತ್ತದೆ. ಆರ್-2 ಹಾಕಿದ್ದರೂ ಇಲ್ಲಿ ಇದೇ ಆಗುತ್ತಿತ್ತು.

ಅಲ್ಲಿಗೆ ದಬ್ಬೆ ಹಾಸುತ್ತಿದ್ದೇವೆ. ಬಿದ್ದ ಅಡಿಕೆ ಮರ ಸೀಳಿ, ಆರು ಅಡಿಯ ದಬ್ಬೆಗಳನ್ನು ದಾರಿಗೆ ಅಡ್ಡಲಾಗಿ, ಬೆನ್ನು ಮೇಲೆ ಮಾಡಿ ಒತ್ತೊತ್ತಾಗಿ. ನವೆಂಬರಿನಲ್ಲಿ ಮೊದಲ ಮೂವತ್ತು ಅಡಿ ಆಯಿತು, 110 ದಬ್ಬೆ ಹಿಡಿಯಿತು. ಇನ್ನು ನಲವತ್ತು ಅಡಿ ಬಾಕಿ ಇದೆ. ಮರ ಸಾಲದೆ ನಿಂತಿದೆ.